ಹಳೆಯ ಮಾಲಕರ ಸಾಕ್ಷಿ

ತಾನು ಒಳ್ಳೆಯವನೆಂದು ಇನ್ನೊಬ್ಬರ ಬಾಯಿಂದ ಹೇಳಿಸಲು ಹೊರಟವನಿಗೆ ಒಂದು ಬಸ್ಸಾದರೂ ನೆಟ್ಟಗೆ ಸಿಗಬಾರದೇ ಎಂದು ಯಲ್ಲೇಶ ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಹಲ್ಲು ಕಡಿಯುತ್ತ ನಿಂತಿದ್ದ. ಹುಕ್ಕೇರಿಯ ಬೋರ್ಡು ಹಾಕಿಕೊಂಡು ಬಂದ ಬಸ್ಸಿಗೆ ಮಂದಿ ಕಿಟಕಿಯಿಂದ ಟವೆಲ್ಲು, ಚೀಲ ಎಸೆದು ಜಾಗ ಹಿಡಿದು ಕೂತ ಮೇಲೆ ಕಂಡಕ್ಟರ್ ಬಂದು, ಇದು ಡಿಪೋಕ್ಕೆ ಹೋಗುತ್ತದೆ, ಇಳಿಯಿರಿ ಎಂದ. ಇಳಿದು ಮತ್ತೊಂದಕ್ಕೆ ಹತ್ತಿ, ಗಾಲಿಯ ಮೇಲಿನ ಸೀಟಿನಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತಾಗ ಜೇಬಿನಲ್ಲಿ ಫೋನು ನಡುಗಿತು. ಶೈಲಾ. ಮಾಲಕರು ಸಿಕ್ಕರೇ ಎಂದು ಕೇಳಿದ್ದಳು. ಬೆಳಗಿನಿಂದ ಇದೇ ಪ್ರಶ್ನೆ. ಗೋಕಾಕದಲ್ಲಿ ಹಳೆಯ ಮಾಲಕ ರಾವಸಾಹೇಬರ ಮನೆಗೆ ಕೀಲಿ ಹಾಕಿತ್ತು, ತಮ್ಮನ ಬಸುರಿ ಮಗಳ ಕುಬಸಕ್ಕೆ ಎಲ್ಲರೂ ಹುಕ್ಕೇರಿಗೆ ಹೋಗಿದ್ದಾರೆ ಎಂದು ಎದುರುಮನೆಯವರು ಹೇಳಿದ್ದರು. ಫೋನು ಮಾಡಿದರೆ ಅವರು ಎತ್ತುತ್ತಿರಲಿಲ್ಲ. ಎತ್ತುವುದಿಲ್ಲವೆಂದು ಯಲ್ಲೇಶನಿಗೆ ಮೊದಲೇ ಗೊತ್ತಿತ್ತು. ಅದನ್ನು ಶೈಲಾಗೆ ಬರೆಯದೆ, ಹೊರಟಿದ್ದೇನೆ ಎಂದಷ್ಟೇ ಬರೆದ.

ಶೈಲಾ ಅವನ ಹೆಂಡತಿ. ಗೋಕಾಕದ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸಾಗಿದ್ದವಳು ದಸರೆಗೆ ಮುಂಚೆ ಐರ್ಲೆಂಡಿಗೆ ಹೋಗಿದ್ದಳು. ಅವಳು ಮುಂದೆ ಹೋಗಿ ಮನೆ ಹಿಡಿಯುವುದು, ಇವನು ಮಗಳು ರಾಧಿಕಾಳನ್ನು ಕರೆದುಕೊಂಡು ಹಿಂದಿನಿಂದ ಹೋಗುವುದು ಎಂದು ಮಾತಾಗಿತ್ತು. ಮಾತು ಬಾಯಲ್ಲಿ ಎಷ್ಟು ಸಲೀಸು. ಅಲ್ಲಿನವರು ಕೊಟ್ಟಿದ್ದ ಖೋಲಿ ಒಬ್ಬಳಿಗೆ ಮಾತ್ರ, ಅದನ್ನೂ ಈ ವಾರದ ಕೊನೆಗೆ ಬಿಡಬೇಕು. ಮನೆಯ ವಿಳಾಸವಿಲ್ಲದೆ ಇವರಿಬ್ಬರ ಕಾಗದಪತ್ರ ಮುಂದಕ್ಕೆ ಸರಿಯುವುದಿಲ್ಲ. ಅವಳು ರಜೆಯ ದಿನವೆಲ್ಲ ಮನೆ ನೋಡುತ್ತ ತಿರುಗುತ್ತಿದ್ದಳು. ಒಂದು ಖಾಲಿ ಮನೆಯ ಮುಂದೆ ರೇಷನ್ ಅಂಗಡಿಯಂತೆ ಪಾಳಿ ಹಚ್ಚಿ ನಿಲ್ಲುತ್ತಾರಂತೆ, ಮಳೆಯಲ್ಲಿ. ಒಳಗೆ ಬಿಟ್ಟವನು ಮುಖ ನೋಡಿ ನಕ್ಕು, ತಿಳಿಸುತ್ತೇವೆ ಎನ್ನುತ್ತಾನಂತೆ, ತಿಳಿಸುವುದಿಲ್ಲವಂತೆ. ಇದನ್ನೆಲ್ಲ ಅವಳು ನಗುತ್ತ ಹೇಳುತ್ತಿದ್ದಳು. ಆ ನಗು ಯಲ್ಲೇಶನಿಗೆ ಆಗಿಬರುತ್ತಿರಲಿಲ್ಲ. ಅಳುತ್ತ ಹೇಳಿದ್ದರೆ ಸಮಾಧಾನವನ್ನಾದರೂ ಮಾಡಬಹುದಿತ್ತು. ಕಡೆಗೆ ನೋರಾ ಎಂಬ ಒಬ್ಬ ಮುದುಕಿ ಸಿಕ್ಕಿದ್ದಳು. ತಾನಿರುವ ಮನೆಗೆ ಹತ್ತಿಯೇ ಇರುವ ಎರಡು ಖೋಲಿಯ ಸಣ್ಣ ಮನೆ ಕೊಡಲು ಅರ್ಧ ಮನಸ್ಸು ಮಾಡಿದ್ದಳು. ಉಳಿದರ್ಧಕ್ಕೆ ಅವಳದೊಂದು ಹಟ. ಕಾಗದದ ಮೇಲೆ ಯಾರು ಏನು ಬೇಕಾದರೂ ಬರೆಸುತ್ತಾರೆ, ನಿಮ್ಮ ಹಿಂದಿನ ಮಾಲಕ ಯಾರೋ ಅವರ ಮುಖ ನೋಡಿ ಮಾತಾಡಬೇಕು ಎಂದಿದ್ದಳಂತೆ. ಇವತ್ತು ಅವರ ಮಧ್ಯಾಹ್ನಕ್ಕೆ, ಇಲ್ಲಿಯ ಸಂಜೆ ಚಹಾದ ಹೊತ್ತಿಗೆ, ವಿಡಿಯೋ ಫೋನಿನಲ್ಲಿ. ಎಲ್ಲಿಯ ಮುದುಕಿ, ಎಲ್ಲಿಯ ರಾವಸಾಹೇಬ. ಇಬ್ಬರ ನಡುವೆ ತಾನು ಹೀಗೆ ಬಸ್ಸಿನ ಗಾಲಿಯ ಮೇಲೆ ಕೂತು ಕುಲುಕಾಡಬೇಕು.

ಘಟಪ್ರಭಾದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ರಸ್ತೆಯನ್ನೆಲ್ಲ ತಿಂದಿತ್ತು. ಬಸ್ಸು ನಿಂತಿತು. ಕಿಟಕಿಯ ಬಾಜೂದ ಟ್ರ್ಯಾಕ್ಟರಿನ ಡ್ರೈವರು ಟೇಪನ್ನು ಸಣ್ಣದು ಮಾಡಿ ಇವನನ್ನೇ ನೋಡಿದ. ಯಲ್ಲೇಶ ಮುಖ ತಿರುಗಿಸುವುದರೊಳಗೆ ಗುರುತು ಹಿಡಿದು, ಸಾಹೇಬ್ರ ಇನ್ನೂ ಇಲ್ಲೇ ಅದೀರಿ ಎಂದ. ಇನ್ನೂ ಇಲ್ಲೇ. ಹೋದ ಹಂಗಾಮಿನವರೆಗೆ ಕಾರ್ಖಾನೆಯ ಕಬ್ಬಿನ ವಿಭಾಗದಲ್ಲಿ ಇವನೇ ಇಂಥ ಡ್ರೈವರುಗಳಿಗೆ ಪಾಳಿ ಕೊಡುತ್ತಿದ್ದವನು. ಕೆಲಸ ಬಿಟ್ಟ ದಿನ ಅವರೆಲ್ಲ ಸೇರಿ ಶಾಲು ಹೊದಿಸಿದ್ದರು. ಗೋಕಾಕದಲ್ಲಿ ಒಂದು ಶಾಲು, ತನ್ನೂರು ಮಸಗುಪ್ಪಿಯಲ್ಲಿ ಎರಡು, ಅರಭಾವಿಯ ಗೆಳೆಯರದೊಂದು. ಊರಲ್ಲಿ ಮಾಳಿಂಗರಾಯನ ಗುಡಿಯೊಳಗೆ ಹಣೆ ತುಂಬ ಭಂಡಾರದ ಅರಿಶಿಣ ಬಡಿದು, ಹೋಗಿ ಬಾ ಎಂದು ಬೆನ್ನು ತಟ್ಟಿ ಕಳಿಸಿದವರು ಮರುದಿನ ಬೆಳಿಗ್ಗೆ ಅವನು ತಂಬಿಗೆ ಹಿಡಿದು ಹೊಲದ ಕಡೆ ಹೋಗುವುದನ್ನು ನೋಡಿದ್ದರು. ಅದಕ್ಕೂ ಮರುದಿನ ನೋಡಿದ್ದರು. ಈಗ ಯಾರೂ ಏನೂ ಕೇಳುತ್ತಿರಲಿಲ್ಲ, ಕೇಳದಿರುವುದೇ ಇನ್ನೂ ಕೆಟ್ಟದಾಗಿತ್ತು. ರಾಧಿಕಾಳ ಸಾಲಿ ಬಿಡಿಸಿ ಟೀಸಿ ತಂದಾಗಿತ್ತು. ಅವಳು ಅಜ್ಜಿಯ ಹಿಂದೆ ಮರಿಗಳಿಗೆ ಸೊಪ್ಪು ಹಾಕುತ್ತ, ಕಲಿತ ಮಗ್ಗಿಯನ್ನೆಲ್ಲ ಮರೆಯುತ್ತ ಸುಖವಾಗಿದ್ದಳು. ಹೋಗಾಕ ಮನಿ ಇನ್ನೂ ಸಿಕ್ಕಿಲ್ಲೋ ಎಂದು ಯಲ್ಲೇಶ ಡ್ರೈವರನಿಗೆ ಹೇಳಬೇಕೆಂದಿದ್ದ. ಬದಲಿಗೆ ನಕ್ಕ. ಬಸ್ಸು ಒಂದಿಷ್ಟು ಮುಂದೆ ಹೋಗಿ ಮತ್ತೆ ನಿಂತಿತು.

ಮನೆ ಸಿಗುವುದಿಲ್ಲ ಎಂದರೆ ಅವ್ವನಿಗೆ ತಿಳಿಯುತ್ತಿರಲಿಲ್ಲ. ದುಂಡವ್ವ ಹರೆಯದಲ್ಲಿ ಕುರಿಹಿಂಡಿನ ಸಂಗಡ ಊರೂರು ತಿರುಗಿದವಳು. ಯಾರದೋ ಹೊಲದಲ್ಲಿ ಹಿಂಡು ತರುಬಿದರೆ ಹಿಕ್ಕೆಯ ಗೊಬ್ಬರ ಸಿಕ್ಕಿತೆಂದು ಹೊಲದವನೇ ಇವರಿಗೆ ಜೋಳ ಕೊಡುತ್ತಿದ್ದ, ಇನ್ನೊಂದು ದಿನ ಇರಿ ಎಂದು ಕಾಡುತ್ತಿದ್ದ. ಪರರ ನೆಲದ ಮೇಲೆ ಇದ್ದುದಕ್ಕೆ ತಾವೇ ದುಡ್ಡು ಕೊಡುವುದು, ಅದೂ ಅವರು ಬೇಡವೆನ್ನುವುದು ಅವಳ ಲೆಕ್ಕಕ್ಕೇ ಬರುತ್ತಿರಲಿಲ್ಲ. ನಿನ್ನೆ ಕೂಡ ರೊಟ್ಟಿ ಬಡಿಯುತ್ತ, ಆ ಊರಾಗ ಅಷ್ಟು ಮಂದಿಗೆ ನೆಲ ಇಲ್ಲೇನು ಎಂದು ಕೇಳಿದ್ದಳು. ಯಲ್ಲೇಶ ರೇಗಿ ಎದ್ದು ಹೋಗಿದ್ದ. ಅವ್ವನ ಮೇಲೆ ಅವನಿಗೆ ಈಚೆಗೆ ಬರುವ ಸಿಟ್ಟು ಅವಳ ಮಾತಿಗಿಂತ ದೊಡ್ಡದಾಗಿರುತ್ತಿತ್ತು. ಅದಕ್ಕೆ ಕಾರಣ ಆ ಡಬ್ಬಿ. ಡಬ್ಬಿಯನ್ನು ನೆನೆದರೆ ಈಗಲೂ, ಬಸ್ಸಿನಲ್ಲಿ, ಅವನ ಕಿವಿ ಬಿಸಿಯಾದವು.

ರಾವಸಾಹೇಬರ ಮನೆಯ ಕೆಳಗಿನ ಭಾಗವನ್ನು ಬಾಡಿಗೆಗೆ ಕೇಳಲು ಹೋದಾಗ ಅವನು ಹೊಸದಾಗಿ ಮದುವೆಯಾದವನು. ಅದಕ್ಕೂ ಮುಂಚೆ ಗೋಕಾಕದಲ್ಲಿ ಓಣಿ ಓಣಿ ತಿರುಗಿ ಸಾಕಾಗಿತ್ತು. ಎಲ್ಲ ಕಡೆ ಮೊದಲು ನೀರು ತೋರಿಸುವರು, ಬಚ್ಚಲು ತೋರಿಸುವರು, ಚಹಾ ಕೊಡುವರು. ಚಹಾದ ಬಟ್ಟಲು ಅರ್ಧವಾಗುವಾಗ ಮೆಲ್ಲಗೆ, ನೀವು ಯಾವ ಪೈಕಿ ಆಗಬೇಕ್ರಿ ಎನ್ನುವರು. ಜಾತಿ ಹೇಳಿದ ಮೇಲೂ ನಗುವರು. ಊರಲ್ಲಿ ಅಣ್ಣನಿದ್ದಾನೆ, ಅವನನ್ನು ಕೇಳಿ ತಿಳಿಸುತ್ತೇವೆ ಎನ್ನುವರು. ಹಾಗೆ ಎಷ್ಟು ಅಣ್ಣಂದಿರನ್ನು ಕಾದಿದ್ದನೋ. ರಾವಸಾಹೇಬರು ಮಾತ್ರ ಬಟ್ಟಲು ಅರ್ಧವಾಗಲು ಬಿಡದೆ, ಪೈಕಿ ಯಾವುದರ ಇರಲಿ, ನಮ್ಮ ಮನ್ಯಾಗ ತತ್ತಿ ಸೈತ ನಡ್ಯಂಗಿಲ್ಲ ನೋಡು ಎಂದಿದ್ದರು. ನಾವು ತಿನ್ನಂಗಿಲ್ರಿ ಕಾಕಾ ಎಂದು ಯಲ್ಲೇಶ ಹೇಳಿಬಿಟ್ಟಿದ್ದ. ಮನೆಯಲ್ಲಿ ಮಾಡುವುದಿಲ್ಲ ಎಂದಿದ್ದರೆ ಸಾಕಿತ್ತು. ಅದು ಸುಳ್ಳಾಗುತ್ತಿರಲಿಲ್ಲ. ತಿನ್ನುವುದೇ ಇಲ್ಲ ಎಂದ, ಅಜ್ಜನ ಕಾಲದಿಂದಲೂ ಇಲ್ಲ ಎಂದ, ಕೇಳದಿದ್ದುದನ್ನೂ ಸೇರಿಸಿದ. ಬಾಜೂದಲ್ಲಿ ಕೂತ ಶೈಲಾ ಚಹಾದ ಬಟ್ಟಲನ್ನು ಕೆಳಗಿಟ್ಟಿದ್ದಳು.

ಆಮೇಲೆ ವರ್ಷಗಟ್ಟಲೆ ಅವರು ಕಳ್ಳರ ಹಾಗೆ ಬಾಳಿದರು. ಆದಿತ್ಯವಾರ ಬಂತೆಂದರೆ ಅವ್ವನಿಗೆ ಮೈ ಹುಷಾರಿಲ್ಲವೆಂದು ಮಾಲಕರ ಮುಂದೆ ಹೇಳಿ ಗಾಡಿ ಹತ್ತಿ ಮಸಗುಪ್ಪಿಗೆ ಹೋಗುವುದು, ಉಂಡು, ಕೈಯನ್ನು ಸೀಗೆಪುಡಿಯಿಂದ ತಿಕ್ಕಿ, ಯಾಲಕ್ಕಿ ಅಗಿಯುತ್ತ ಹೊಳ್ಳಿ ಬರುವುದು. ನಿಮ್ಮ ಅವ್ವಗ ವಾರಕ್ಕೊಮ್ಮೆ ಏನ ಆಗತೈತಿ ಮಾರಾಯಾ ಎಂದು ರಾವಸಾಹೇಬರು ಮರುಗುತ್ತಿದ್ದರು. ರಾಧಿಕಾ ಹೊಟ್ಟೆಯಲ್ಲಿದ್ದಾಗ ಡಾಕ್ಟರು ಶೈಲಾಗೆ ದಿನಾ ತತ್ತಿ ತಿನ್ನಲು ಹೇಳಿದ್ದರು. ಬಾಗಿಲು ಕಿಟಕಿ ಹಾಕಿ, ಊದಿನಕಡ್ಡಿ ಹಚ್ಚಿ, ಸಣ್ಣ ಉರಿಯಲ್ಲಿ ಕುದಿಸಬೇಕು. ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಗಾಡಿಯ ಡಿಕ್ಕಿಯಲ್ಲಿಟ್ಟು, ಅರಭಾವಿಯ ಹಾದಿಯಲ್ಲಿ ಕಾಲುವೆಗೆ ಎಸೆಯುವುದು ಅವನ ಕೆಲಸ. ಒಮ್ಮೆ ಎಸೆಯಲು ಮರೆತಿದ್ದು, ರಾವಸಾಹೇಬರೇ ತಮ್ಮ ಔಷಧದ ಚೀಲವನ್ನು ಆ ಡಿಕ್ಕಿಯಲ್ಲಿಡಲು ಬಂದಾಗ ಕೀಲಿ ಕಳೆದಿದೆ ಎಂದು ಗಾಡಿಯನ್ನು ತಳ್ಳಿಕೊಂಡೇ ಹೋಗಿದ್ದ. ಶೈಲಾ ಒಂದು ದಿನವೂ ಅದರ ಬಗ್ಗೆ ಬಾಯಿ ಬಿಡಲಿಲ್ಲ. ಕಿಟಕಿ ಹಾಕು ಎಂದರೆ ಹಾಕಿದಳು. ಅದನ್ನು ಅವನು ಒಪ್ಪಿಗೆ ಎಂದುಕೊಂಡಿದ್ದ.

ಮತ್ತೆ ಆ ಡಬ್ಬಿ. ಹೋದ ತಿಂಗಳು ಮನೆ ಖಾಲಿ ಮಾಡುವ ದಿನ ಸಾಮಾನು ಟೆಂಪೋಕ್ಕೆ ಹೇರಿದ ಮೇಲೆ, ಅವ್ವ ಎಲ್ಲಿ ಎಂದು ನೋಡಿದರೆ ಅವಳು ಮಾಲಕರ ಮಾಳಿಗೆಯಿಂದ ಇಳಿಯುತ್ತಿದ್ದಳು, ಮುಖದ ತುಂಬ ಸಂತೋಷ. ಹಿಂದಿನ ದಿನ ಮಾಳಿಂಗರಾಯನಿಗೆ ಮರಿ ಕೊಟ್ಟಿದ್ದರು. ಹಿಂಡು ಏಳಿಸುವಾಗ ಹೊಲದವನ ಮನೆಗೆ ದೇವರ ಪಾಲು ಕೊಟ್ಟು ಹೋಗುವುದು ಅವರ ಪದ್ಧತಿ. ಇಷ್ಟು ವರ್ಷ ಮಕ್ಕಳನ್ನು ಇಟ್ಟುಕೊಂಡ ನೆಲದ ಋಣ ಬರಿಗೈಯಲ್ಲಿ ಬಿಟ್ಟು ಹೋಗಬಾರದೆಂದು ಅವಳು ಸ್ಟೀಲಿನ ಡಬ್ಬಿ ತುಂಬ ಮಟನ್ನು, ಮೇಲೆ ಕಟಕ ರೊಟ್ಟಿ ಇಟ್ಟು, ಮಾಲಕರ ಹೆಂಡತಿ ಶಿವಗಂಗವ್ವನ ಕೈಯಲ್ಲಿ ಕೊಟ್ಟು, ಕಾಲು ಮುಟ್ಟಿ ಬಂದಿದ್ದಳು. ಯಲ್ಲೇಶ ಮೆಟ್ಟಿಲು ಹತ್ತುವಷ್ಟರಲ್ಲಿ ಮುಚ್ಚಳ ತೆಗೆದಾಗಿತ್ತು. ಯಾರೂ ಒದರಾಡಲಿಲ್ಲ. ಶಿವಗಂಗವ್ವ ಇಕ್ಕಳದಲ್ಲಿ ಡಬ್ಬಿಯ ಅಂಚು ಹಿಡಿದು ಹಿತ್ತಲಿಗೆ ಒಯ್ದರು. ರಾವಸಾಹೇಬರು ಕುರ್ಚಿಯಲ್ಲಿ ಕೂತೇ, ಹೇಳಬೇಕಿತ್ತು ನೀ, ಎಂದರು. ಅಷ್ಟೇ. ಆಮೇಲೆ ಅಯ್ಯನವರನ್ನು ಕರೆಸಿ ಪೂಜೆ ಮಾಡಿಸಿ ಓಣಿಗೆಲ್ಲ ಹೋಳಿಗೆ ಉಣಿಸಿದರಂತೆ. ಯಾಕೆಂದು ಮಾತ್ರ ಯಾರಿಗೂ ಹೇಳಲಿಲ್ಲವಂತೆ. ಈ ಕಥೆ ಕೇಳಿ ಶೈಲಾ ಫೋನಿನಲ್ಲಿ ಉಸಿರು ಕಟ್ಟುವಂತೆ ನಕ್ಕಿದ್ದಳು. ಅತ್ತಿಯಾರು ಎಷ್ಟು ಚಲೋ ಮಾಡಿದರು ಎಂದಿದ್ದಳು. ಯಲ್ಲೇಶ ಎರಡು ದಿನ ಅವಳ ಸಂಗಡ ಸರಿಯಾಗಿ ಮಾತಾಡಿರಲಿಲ್ಲ.

ಹುಕ್ಕೇರಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳಕ್ಕೆ ಹಂದರ ಹಾಕಿ, ಧ್ವನಿವರ್ಧಕ ಹಚ್ಚಿದ್ದರು. ಕುಬಸ ಮುಗಿದು ಊಟದ ಕೊನೆಯ ಪಂಕ್ತಿ ನಡೆದಿತ್ತು. ಹಸಿರು ಸೀರೆ, ಮೊಣಕೈತನಕ ಹಸಿರು ಬಳೆ ತೊಟ್ಟ ಬಸುರಿ ಜೋಕಾಲಿಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದಳು. ದಾಕ್ಷಾಯಿಣಿ ಎಂದರೆ ಇವಳೇ ಇರಬೇಕು, ರಾವಸಾಹೇಬರ ತಮ್ಮನ ಮಗಳು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ ಎಂದು ಅವರು ಹಿಂದೆ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದರು. ಬಾಗಿಲಲ್ಲಿ ಬೀಗರಿಗೆ ಎಲೆ ಅಡಿಕೆ ಕೊಡುತ್ತಿದ್ದ ರಾವಸಾಹೇಬರು ಯಲ್ಲೇಶನನ್ನು ಕಂಡರು. ಅವರ ಮುಖದಲ್ಲಿ ಬಂದದ್ದು ಸಿಟ್ಟಲ್ಲ, ಅಂಜಿಕೆ. ಇಷ್ಟು ಮಂದಿಯ ನಡುವೆ ಇವನು ಏನು ಮಾತು ತೆಗೆಯುತ್ತಾನೋ ಎಂಬ ಅಂಜಿಕೆ. ಅದನ್ನು ನೋಡಿ ಯಲ್ಲೇಶನಿಗೆ ಒಳಗೊಳಗೆ ಒಂದು ಬಲ ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು. ಅವರು ಬೇಗ ಬೇಗ ಬಂದು ಅವನ ರಟ್ಟೆ ಹಿಡಿದು, ಊಟ ಮಾಡ, ಆಮ್ಯಾಲ ಮಾತು, ಎಂದು ಪಂಕ್ತಿಯಲ್ಲಿ ಕೂಡಿಸಿಬಿಟ್ಟರು.

ಚಹಾದ ಹೊತ್ತು ಬರುತ್ತಿತ್ತು. ಅಲ್ಲಿ ಶೈಲಾ ಮುದುಕಿಯ ಮನೆಗೆ ಹೊರಟಿರಬೇಕು. ಇಲ್ಲಿ ಅವನ ಎಲೆಗೆ ಹೋಳಿಗೆ ಬಿತ್ತು, ತುಪ್ಪ ಬಿತ್ತು, ಬೇಡವೆಂದು ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಇನ್ನೊಂದು ಹೋಳಿಗೆ ಬಿತ್ತು. ಎದುರು ಕೂತ ಹಿರಿಯರೊಬ್ಬರು ಎಲ್ಲಿಯವರು, ಏನು ಉದ್ಯೋಗ ಎಂದು ವಿಚಾರಿಸತೊಡಗಿದರು. ಮುಂದೆ ಬರುವ ಪ್ರಶ್ನೆ ಯಾವುದೆಂದು ಅವನಿಗೆ ಗೊತ್ತಿತ್ತು, ಅದಕ್ಕೇ ಬಾಯಿ ತುಂಬ ಕಡುಬು ತುರುಕಿಕೊಂಡ. ಸಾರು ಬಡಿಸಲು ಬಂದ ಶಿವಗಂಗವ್ವ ಇವನ ಎಲೆಯ ಮುಂದೆ ಒಂದು ಗಳಿಗೆ ನಿಂತರು. ಬಡಿಸದೆ ಹೋಗುತ್ತಾರೆ ಎಂದುಕೊಂಡ. ಬಡಿಸಿದರು. ಸೌಟು ಎಲೆಗೆ ತಾಗದಂತೆ ಮೇಲಿನಿಂದ ಬಡಿಸಿದರು, ಹನಿ ಸಿಡಿದು ಅಂಗಿಯ ಮೇಲೆ ಬಿತ್ತು. ಎದ್ದು ಹೋಗಿಬಿಡಲೇ ಎನಿಸಿತು. ಎದ್ದು ಹೋದರೆ ಮನೆ ಹೋಯಿತು. ಮನೆ ಹೋದರೆ ಶೈಲಾ ಶನಿವಾರ ಯಾರದೋ ಸೋಫಾದ ಮೇಲೆ, ತಾನು ಮಸಗುಪ್ಪಿಯ ಕಟ್ಟೆಯ ಮೇಲೆ. ಯಲ್ಲೇಶ ಸಾರು ಕಲಸಿ ಉಂಡ.

ಕೈ ತೊಳೆಯುವ ಜಾಗದಲ್ಲಿ ರಾವಸಾಹೇಬರನ್ನು ಹಿಡಿದು ಎಲ್ಲವನ್ನೂ ಹೇಳಿದ. ಡಬ್ಬಿಯ ವಿಷಯ ಬಿಟ್ಟು ಎಲ್ಲವನ್ನೂ. ಮನೆ ಕೊಡುವಾಕೆ ನಿಮ್ಮ ಮುಖ ನೋಡಿ ಎರಡು ಮಾತು ಕೇಳುತ್ತಾಳೆ, ನಾವು ಹೇಗಿದ್ದೆವು ಅಷ್ಟನ್ನು ಹೇಳಿ, ಸಾಕು ಎಂದ. ರಾವಸಾಹೇಬರು ಟವೆಲ್ಲಿನಿಂದ ಬಹಳ ಹೊತ್ತು ಕೈ ಒರೆಸಿದರು.

“ಹೆಂಗ ಇದ್ರಿ ಅಂತ ಹೇಳ್ಲಿ?” ಎಂದು ಕೇಳಿದರು.

ಬೈದಿದ್ದರೆ ಯಲ್ಲೇಶ ಉತ್ತರ ಕೊಡಬಹುದಿತ್ತು. ಇದು ಬೈಗುಳವಲ್ಲ, ನಿಜವಾಗಿಯೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಟ್ಟವನು, ರಾತ್ರಿ ತಮಗೆ ಎದೆ ನೋವು ಬಂದಾಗ ದವಾಖಾನೆಗೆ ಹೊತ್ತೊಯ್ದವನು, ಅಜ್ಜನ ಕಾಲದಿಂದ ತಿನ್ನುವುದಿಲ್ಲ ಎಂದು ಮುಖದ ಮೇಲೆ ಸುಳ್ಳು ಹೇಳಿದವನು, ಮೂವರೂ ಒಬ್ಬನೇ. ಆಗಲೇ ಫೋನು ಬಡಿದುಕೊಂಡಿತು. ಅದರ ಸದ್ದಿಗೆ ಬೀಗರು, ಹಿರಿಯರು, ಹೆಂಗಸರು ಎಲ್ಲ ಈ ಕಡೆ ತಿರುಗಿದರು. ಇವರು ಬಾಡಿಗೆಗೆ ಇದ್ದವರಂತೆ, ಹೆಂಡತಿ ಪರದೇಶದಲ್ಲಿದ್ದಾಳಂತೆ, ಅಲ್ಲಿಂದ ನಮ್ಮ ಅಣ್ಣನ ಸಾಕ್ಷಿ ಕೇಳಾಕತ್ತಾರಂತೆ ಎಂದು ಸುದ್ದಿ ಕ್ಷಣದಲ್ಲಿ ಹಂದರವೆಲ್ಲ ಹಬ್ಬಿತು. ಯಾರೋ ಧ್ವನಿವರ್ಧಕ ಬಂದ್ ಮಾಡಿದರು. ಚಾಪೆಯ ನಡುವೆ ತಂಬಿಗೆಗೆ ಫೋನನ್ನು ಒರಗಿಸಿಟ್ಟು, ಎಲ್ಲರಿಗೂ ಕೇಳಲಿ ಎಂದು ದನಿ ದೊಡ್ಡದು ಮಾಡಿದರು. ಕುಬಸಕ್ಕಿಂತ ಇದರಲ್ಲೇ ಮಂದಿಗೆ ಹೆಚ್ಚು ಉಮೇದು. ಗಾಜಿನಲ್ಲಿ ಶೈಲಾ ಕಂಡಳು, ದಪ್ಪ ಕೋಟು ಹಾಕಿಕೊಂಡು, ಕೂದಲು ಕತ್ತರಿಸಿಕೊಂಡಿದ್ದಳು. ಕತ್ತರಿಸಿಕೊಂಡದ್ದನ್ನು ಅವಳು ಹೇಳಿರಲಿಲ್ಲ. ಬಾಜೂದಲ್ಲಿ ಬೆಳ್ಳಗಿನ ಮುದುಕಿ, ಕನ್ನಡಕ ಏರಿಸಿ ಹಂದರದ ಜನರನ್ನೆಲ್ಲ ನೋಡಿ ಕೈ ಬೀಸಿದಳು. ಇಡೀ ಹಂದರ ಕೈ ಬೀಸಿತು.

ರಾವಸಾಹೇಬರು ಪಟಕಾ ಸರಿ ಮಾಡಿಕೊಂಡು ಚಕ್ಕಲಮಕ್ಕಲ ಹಾಕಿ ಕೂತರು. ಹಿಂದೆ ಸಹಕಾರಿ ಸಂಘದ ಸೆಕ್ರೆಟರಿಯಾಗಿದ್ದವರು, ಇಂಗ್ಲಿಷಿಗೆ ಹೆದರುವವರಲ್ಲ. ಮುದುಕಿ ಇವರು ಎಂಥ ಜನ ಎಂದು ಕೇಳಿದಳು. ವೆರಿ ಗುಡ್ ಫ್ಯಾಮಿಲಿ ಎಂದರು ರಾವಸಾಹೇಬರು. ಬಾಡಿಗೆ ಎಂದೂ ತಪ್ಪಿಸಲಿಲ್ಲ, ಮನೆ ದೇವರ ಖೋಲಿಯಂತೆ ಇಟ್ಟುಕೊಂಡಿದ್ದರು ಎಂದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಸುತ್ತ ಕೂತ ಬೀಗರನ್ನೊಮ್ಮೆ ನೋಡಿ, ದನಿ ಏರಿಸಿ, ಪ್ಯೂರ್ ವೆಜಿಟೇರಿಯನ್ ಎಂದರು. ನಮ್ಮ ಮಂದಿ ಹೇಗೋ ಹಾಗೆಯೇ, ಇಷ್ಟು ವರ್ಷಗಳಲ್ಲಿ ಒಂದು ತತ್ತಿಯೂ ನನ್ನ ಹೊಸ್ತಿಲು ದಾಟಿಲ್ಲ, ಎಂದು ಇಂಗ್ಲಿಷಿನಲ್ಲೂ ಮತ್ತೆ ಕನ್ನಡದಲ್ಲೂ ಹೇಳಿದರು. ಹೇಳುವಾಗ ಅವರ ಕಣ್ಣು ಫೋನಿನ ಮೇಲೆ ಇರಲಿಲ್ಲ, ಬೀಗರ ಮೇಲೆ ಇತ್ತು. ಬಾಗಿಲಲ್ಲಿ ಶಿವಗಂಗವ್ವ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದರು. ಯಲ್ಲೇಶನಿಗೆ ಆಗ ತಿಳಿಯಿತು, ಆ ಸುಳ್ಳು ಈಗ ತನ್ನೊಬ್ಬನದಾಗಿ ಉಳಿದಿಲ್ಲ. ಅವರಿಗೂ ಅದು ಬೇಕಾಗಿದೆ. ಎಂಥ ಹಗುರಾಯಿತು ಅವನಿಗೆ. ಮುದುಕಿ ತಲೆಯಾಡಿಸಿ, ಅದು ಬಹಳ ಒಳ್ಳೆಯದಾಯಿತು, ಹಿಂದೆ ಇದ್ದವರ ಅಡುಗೆಯ ವಾಸನೆಗೆ ನನಗೆ ಸಾಕಾಗಿತ್ತು ಎಂದಳು. ಮುಗಿಯಿತು, ಮನೆ ಸಿಕ್ಕಿತು ಎಂದು ಯಲ್ಲೇಶ ನಿಟ್ಟುಸಿರು ಬಿಟ್ಟ.

ಶೈಲಾ ಮುದುಕಿಯ ಕಡೆ ತಿರುಗಿದಳು. ಇಂಗ್ಲಿಷಿನಲ್ಲಿ, ಪೇಷಂಟಿಗೆ ಗುಳಿಗೆಯ ಹೊತ್ತು ತಿಳಿಸುವ ದನಿಯಲ್ಲಿ, ಅವರು ಹೇಳಿದ್ದು ಖರೆ ಅಲ್ಲ ಎಂದಳು. ಅವರ ತಪ್ಪಲ್ಲ, ನಾವು ಅವರಿಗೆ ಸುಳ್ಳು ಹೇಳಿದ್ದೆವು. ನಾವು ಮಟನ್ ತಿನ್ನುವವರು. ನಿಮ್ಮ ಮನೆಯಲ್ಲಿ ನಾನು ಅದನ್ನು ಬೇಯಿಸುತ್ತೇನೆ, ನನ್ನ ಮಗಳಿಗೆ ಸೇರುತ್ತದೆ. ಬೇಡವಾದರೆ ಈಗಲೇ ಹೇಳಿ, ಬೇರೆ ಮನೆ ನೋಡುತ್ತೇನೆ. ಮುದುಕಿ ಒಂದು ಗಳಿಗೆ ಅವಳ ಮುಖ ನೋಡಿದಳು, ಆಮೇಲೆ ಏನೋ ಅಂದು ಅವಳ ಮೊಣಕಾಲು ತಟ್ಟಿ ನಕ್ಕಳು. ಅದರಲ್ಲಿ ಕಿಟಕಿ ಎಂಬ ಒಂದು ಮಾತು ಬಿಟ್ಟರೆ ಯಲ್ಲೇಶನಿಗೆ ಏನೂ ಹತ್ತಲಿಲ್ಲ. ಅವನ ತಲೆ ಗುಂಯ್ ಎನ್ನುತ್ತಿತ್ತು. ಇಷ್ಟು ದೂರ ಬಂದು, ಹೋಳಿಗೆ ತಿಂದು, ಸಾರು ಸಿಡಿಸಿಕೊಂಡು, ಎಲ್ಲ ಆದ ಮೇಲೆ ಇವಳಿಗೆ ಈಗ ಸತ್ಯ ಬೇಕಾಯಿತೇ? ಎಂಟು ವರ್ಷ ಮುಚ್ಚಿದ ಬಾಯಿ ಇನ್ನೊಂದು ಗಳಿಗೆ ಮುಚ್ಚಿದ್ದರೆ ಏನಾಗುತ್ತಿತ್ತು?

ಹಂದರದಲ್ಲಿ ಹೆಚ್ಚಿನವರಿಗೆ ಆ ಇಂಗ್ಲಿಷು ಪೂರ್ತಿ ತಿಳಿದಿರಲಿಲ್ಲ. ಆದರೆ ಶೈಲಾಳ ದನಿಯಿಂದ ಏನೋ ಆಯಿತೆಂದು ಎಲ್ಲರಿಗೂ ತಿಳಿದಿತ್ತು. ಮಟನ್ ಎಂಬ ಮಾತಂತೂ ಯಾವ ಭಾಷೆಯಲ್ಲೂ ಮುಚ್ಚಿಡುವಂಥದಲ್ಲ. ರಾವಸಾಹೇಬರ ಮುಖ ಸುಣ್ಣದಂತಾಗಿತ್ತು. ಊಟದಲ್ಲಿ ಎದುರು ಕೂತಿದ್ದ ಆ ಹಿರಿಯರು ಯಲ್ಲೇಶನ ಕಡೆ ವಾಲಿ ಕೇಳಿದರು:

“ಏನಂದ್ರು ತಂಗಿಯವರು? ಮಟನ್ ಅಂದಂಗಾತಲ್ಲ.”

ರಾವಸಾಹೇಬರು ಇವನನ್ನು ನೋಡಿದರು. ಮುಖದ ಮೇಲೆ ಸುಳ್ಳು ಹೇಳಿಸಿಕೊಂಡವರು ಈಗ ಅದೇ ಸುಳ್ಳಿಗಾಗಿ ಕಣ್ಣಲ್ಲೇ ಕೈಮುಗಿಯುತ್ತಿದ್ದರು. ಜೋಕಾಲಿಯ ಮೇಲಿನ ದಾಕ್ಷಾಯಿಣಿ ಕಾಲು ನೆಲಕ್ಕೂರಿ ಜೋಕಾಲಿ ನಿಲ್ಲಿಸಿದ್ದಳು. ಇಂಗ್ಲಿಷ್ ಕಲಿಸುವ ಅವಳಿಗೆ ಎಲ್ಲವೂ ತಿಳಿದಿತ್ತು. ಇವನೇ ಹೇಳಲಿ ಎಂದು ಕಾದಳು. ಹೌದ್ರಿ ಎಂದರೆ ಮುಗಿಯುತ್ತಿತ್ತು. ಒಂದೇ ಮಾತು. ಬಾಯಿಯ ತನಕ ಬಂದಿತ್ತೋ ಇಲ್ಲವೋ ಯಲ್ಲೇಶನಿಗೆ ಆಮೇಲೆ ಎಷ್ಟು ನೆನೆಸಿದರೂ ಖಾತ್ರಿಯಾಗಲಿಲ್ಲ. ಬಂದದ್ದು ಬೇರೆಯದೇ, ಅದೂ ತಡವರಿಸದೆ, ನಗುನಗುತ್ತ ಬಂತು.

“ಅಲ್ಲೀ ಮಂದಿ ತಿಂತಾರಂತ್ರಿ, ಅದನ್ನ ಹೇಳಾಕತ್ತಿದ್ಲು. ನಾವಲ್ರಿ. ನಮ್ಮದು ಅಜ್ಜನ ಕಾಲದಿಂದ್ಲೂ ಇಲ್ರಿ. ಅಕೀಗೂ ಆ ವಾಸನಿ ಬಂದ್ರ ತಲಿ ನೋಯತೈತ್ರಿ.”

ಹಿರಿಯರು, ಪಾಪ, ಅಂಥ ದೇಶದಲ್ಲಿ ಹೆಣ್ಣುಮಗಳು ಹೇಗೆ ಇರುತ್ತಾಳೋ ಎಂದು ಮರುಗಿದರು. ಹಂದರದಲ್ಲಿ ಮತ್ತೆ ಮಾತು ಶುರುವಾಯಿತು. ರಾವಸಾಹೇಬರು ಜಿಗಿದೆದ್ದು ಯಲ್ಲೇಶನ ಹೆಗಲ ಮೇಲೆ ಕೈ ಹಾಕಿದರು. ಎಲ್ಲರಿಗೂ ಕೇಳುವಂತೆ, ನೀ ಹೋಗೂತನಾ ಮಸಗುಪ್ಯಾಗ ಯಾಕ ಇರತಿ, ನಿನ್ನ ಖೋಲಿ ಇನ್ನೂ ಖಾಲೀನ ಐತಿ, ಬಂದ ಬಿಡ, ನಿನ್ನಂಥಾಂವ ನನಗ ಇನ್ನೊಬ್ಬ ಸಿಗಂಗಿಲ್ಲ ಎಂದರು. ಶಿವಗಂಗವ್ವ ಕೂಡ ಚಹಾ ತಂದು, ಈ ಸಲ ಬಟ್ಟಲನ್ನು ಅವನ ಕೈಗೇ ಕೊಟ್ಟರು. ಅವನಿಗೆ ಊರಿನ ಕಟ್ಟೆ, ಡ್ರೈವರುಗಳ ನಗು, ಅವ್ವನ ರೊಟ್ಟಿಯ ಸದ್ದು ಎಲ್ಲ ಒಂದೇ ಏಟಿಗೆ ದೂರವಾದಂತೆ ಅನಿಸಿತು. ಆಗಲ್ರಿ ಕಾಕಾ, ನಾಳಿನ ಬರತೇನ್ರಿ ಎಂದ.

ದಾಕ್ಷಾಯಿಣಿ ಇನ್ನೂ ಅವನನ್ನೇ ನೋಡುತ್ತಿದ್ದಳು. ಆಮೇಲೆ ಅವಳ ನೋಟ ಚಾಪೆಯ ನಡುವಿನ ತಂಬಿಗೆಯ ಕಡೆ ಹೋಯಿತು. ಯಲ್ಲೇಶನೂ ನೋಡಿದ. ಫೋನು ಬಂದ್ ಆಗಿರಲಿಲ್ಲ. ಗಾಜಿನಲ್ಲಿ ಮುದುಕಿ ಇರಲಿಲ್ಲ, ಒಳಗೆ ಎಲ್ಲೋ ಪಾತ್ರೆಯ ಸದ್ದು ಮಾಡುತ್ತಿದ್ದಳು. ಶೈಲಾ ಒಬ್ಬಳೇ ಕೂತಿದ್ದಳು, ಹಂದರದ ತುದಿಯವರೆಗೂ ಎಲ್ಲ ಕೇಳಿಸುವ ಹಾಗೆ ದನಿ ದೊಡ್ಡದಾಗಿಯೇ ಇತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

ಅವನು ಚಹಾದ ಬಟ್ಟಲು ಹಿಡಿದುಕೊಂಡೇ ಚಾಪೆಯ ಮೇಲೆ ಮೊಣಕಾಲೂರಿ, ಶೈಲಾ, ಮಂದಿ ಇದ್ರು, ನೀ ನೋಡೀಯಲ್ಲ, ಎಂದ. ಅವಳು ಇವನ ಹಿಂದೆ ನಿಂತ ರಾವಸಾಹೇಬರಿಗೆ ಕೈಮುಗಿದಳು. ನಿಮಗ ತ್ರಾಸ ಕೊಟ್ವ್ರಿ ಕಾಕಾ ಎಂದಳು. ಗಾಜು ಕಪ್ಪಾಯಿತು.

ಹೊಳ್ಳಿ ಬರುವ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು, ಕಿಟಕಿಯ ಬಾಜೂದ್ದೇ. ಯಲ್ಲೇಶ ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡ. ಆ ಮುದುಕ ಕಣ್ಣೀರು ಹಾಕುವುದೊಂದು ಬಾಕಿ ಇತ್ತು, ಬಸುರಿಯ ಮನೆ, ಬೀಗರ ಮುಂದೆ ಮಾನ ಕಳೆಯುವುದು ಸರಿಯೇ, ನಾನು ನನಗಾಗಿ ಹೇಳಲಿಲ್ಲ. ಎಲ್ಲವೂ ನಿಜವೇ ಆಗಿತ್ತು. ಇಷ್ಟೊಂದು ನಿಜ ಕೈಯಲ್ಲಿದ್ದೂ ಒಂದನ್ನೂ ಬರೆಯಲಾಗದೆ ಅವನು ಬೆರಳು ತಿಕ್ಕುತ್ತ ಕೂತ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ, ಬೆಳಗಿನಿಂದ ಎಲ್ಲರ ಮೇಲೂ ಅಷ್ಟು ಸಲೀಸಾಗಿ ಬರುತ್ತಿದ್ದ ಸಿಟ್ಟು ಈಗ ಬರಲೊಲ್ಲದು. ಘಟಪ್ರಭಾ ದಾಟಿದ ಮೇಲೆ ಫೋನು ನಡುಗಿತು.

ಮನಿ ಸಿಕ್ಕೈತಿ, ಎಂದು ಬರೆದಿದ್ದಳು. ನನ್ನ ಜೋಡಿ ಕೆಲಸ ಮಾಡುವ ಲಿಸ್ಸಿ ರಜೆಗೆ ಕೇರಳಕ್ಕೆ ಬಂದಾಳ, ಹೊಳ್ಳಿ ಬರುವಾಗ ಅಕಿ ಕೂಡ ರಾಧಿಕಾನ್ನ ಕಳಸ್ರಿ, ಕಾಗದಪತ್ರ ನಾನು ನೋಡಿಕೋತೇನಿ.

ಅವನು ಮೇಲಿನಿಂದ ಕೆಳಗಿನವರೆಗೆ ಮತ್ತೆ ಓದಿದ. ಬರೆದದ್ದು ಅಷ್ಟೇ ಇತ್ತು. ಬಸ್ಸಿನ ಕುಲುಕಾಟಕ್ಕೆ ಬೆರಳು ಜಾರಿ ಎರಡು ಸಲ ತಪ್ಪು ಬಿತ್ತು, ಅಳಿಸಿ, ನಾನು? ಎಂದು ಬರೆದು ಕಳಿಸಿದ. ಗೋಕಾಕದ ದೀಪಗಳು ಕಾಣತೊಡಗಿದಾಗ ಅದಕ್ಕೆ ಉತ್ತರ ಬಂತು.

ನಿಮಗೂ ಸಿಕ್ಕೈತಲ್ರಿ.